ಕಳುಹಿಸಿದ ಓಲೆ ಎಲ್ಲಿ ನಿಂತಿತು?

ಇ-ಮೇಲ್ ಬಳಸುವವರಲ್ಲಿ ಆಗಾಗ ಏಳುವ ಒಂದು ವಿವಾದವನ್ನು ವಾಚಕರು ಬಲ್ಲರು. ಒಬ್ಬನು "ಕಳುಹಿಸಿದ್ದೇನೆ" ಎನ್ನುತ್ತಾನೆ. ಇನ್ನೊಬ್ಬನು "ಬಂದಿಲ್ಲ" ಎನ್ನುತ್ತಾನೆ. ಕೇಳಿದವರು ಇಬ್ಬರಲ್ಲಿ ಒಬ್ಬನು ಸುಳ್ಳಾಡುತ್ತಿರಬೇಕೆಂದು ತೀರ್ಮಾನಿಸಿಬಿಡುತ್ತಾರೆ. ವಾಸ್ತವವಾಗಿ ಇಬ್ಬರ ಮಾತೂ ನಿಜವಾಗಿರುವುದು ಸಾಧ್ಯ. ಓಲೆಯು ಚರ್ಚಾಬಳಗವೊಂದಕ್ಕೆ ಬರೆದುದಾದರಂತೂ ತೊಡಕು ಇನ್ನೂ ಹೆಚ್ಚು. ಚರ್ಚಾಬಳಗವೆಂದರೆ, ಒಂದೇ ವಿಳಾಸಕ್ಕೆ ಬರೆದ ಓಲೆಯನ್ನು ನೂರಾರು ಸದಸ್ಯರಿಗೆ ತಾನಾಗಿ ಹಂಚುವ ಏರ್ಪಾಡು. ಅಂಥ ಬಳಗದಲ್ಲಿ ತನ್ನ ಸಂದೇಹವನ್ನು ಮುಂದಿಟ್ಟ ವಿದ್ಯಾರ್ಥಿಯು ನಾಲ್ಕು ದಿನ ಕಾದರೂ ಉತ್ತರ ಬಾರದಿದ್ದರೆ, ಹಿರಿಯರು ತನ್ನನ್ನು ಕಡೆಗಣಿಸಿದರೆಂದು ನೊಂದುಕೊಳ್ಳುತ್ತಾನೆ. ಆ ಓಲೆಯನ್ನು ಯಾರೂ ನೋಡಿಯೇ ಇಲ್ಲವೆಂಬುದು ಅವನಿಗೆ ತಿಳಿಯದು.

"ಬಂದಿಲ್ಲ" ಎಂಬುದು ದೂರು ಮಾತ್ರ, ಅದು ವೀಕ್ಷಣೆಯಲ್ಲ. ಪ್ರಯೋಗಶಾಲೆಯಲ್ಲಿ ಬಲ್ಬು ಹತ್ತದಿದ್ದಾಗ ನಾವು "ಕರೆಂಟು ಇಲ್ಲ" ಎಂದು ಕೈಕಟ್ಟಿ ಕೂಡುವುದಿಲ್ಲ. ವೋಲ್ಟ್‌ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಕೊನೆಯಲ್ಲಿಟ್ಟು, ಇನ್ನೊಂದನ್ನು ಮಂಡಲದ ಉದ್ದಕ್ಕೂ ಒಂದೊಂದೇ ಸಂಧಿಗೆ ಮುಟ್ಟಿಸುತ್ತ ಹೋಗಿ, ಎಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ, ಎಲ್ಲಿಂದ ಮುಂದೆ ಕೆಟ್ಟಿದೆ ಎಂಬುದನ್ನು ಗೊತ್ತುಮಾಡುತ್ತೇವೆ. ಓಲೆಯ ವಿಷಯದಲ್ಲಿಯೂ ಇದೇ ಕ್ರಮವು ಸಲ್ಲುತ್ತದೆ. ಅದಕ್ಕೆ ಮೊದಲು ಮಂಡಲದ ಸಂಧಿಗಳಾವುವೆಂಬುದನ್ನು ತಿಳಿಯಬೇಕು.

ನಮ್ಮ ಫೋನಿನಿಂದ ಹೊರಟ ಓಲೆಯು ನೇರವಾಗಿ ಗೆಳೆಯನ ಫೋನನ್ನು ಸೇರುತ್ತದೆಂಬ ಭಾವನೆ ಬಹಳ ಜನರಲ್ಲಿದೆ. ಅದು ಸರಿಯಲ್ಲ. ಓಲೆಯು ಮೊದಲು ನಮ್ಮ ಖಾತೆಯಿರುವ ಸರ್ವರ್ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರವು ವಿಳಾಸದಲ್ಲಿ 'ಅಟ್' ಗುರುತಿನ ಬಲಗಡೆ ಇರುವ ಸಂಸ್ಥೆಯ ಹೆಸರನ್ನು ಓದಿ, ಆ ಹೆಸರಿನವರ ಅಂಚೆಯನ್ನು ಸ್ವೀಕರಿಸತಕ್ಕ ಯಂತ್ರವಾವುದೆಂದು ಡಿ.ಎನ್.ಎಸ್. ಎಂಬ ಜಗದ್ವ್ಯಾಪಿಯಾದ ಹೆಸರಿನ ಕೋಶವನ್ನು ಕೇಳುತ್ತದೆ. ಉತ್ತರ ಬಂದ ಬಳಿಕ ಆ ಯಂತ್ರದೊಡನೆ ಸಂಪರ್ಕ ಬೆಳೆಸಿ ಓಲೆಯನ್ನು ಒಪ್ಪಿಸುತ್ತದೆ. ಓಲೆ ಕೊನೆಗೆ ಪೆಟ್ಟಿಗೆಗೆ ಬೀಳುವ ಮುನ್ನ ಇಂಥ ಹಸ್ತಾಂತರಗಳು ಎರಡಿರಬಹುದು, ಆರೂ ಇರಬಹುದು.

ಹಸ್ತಾಂತರದ ವಿಧಿಗೆ ಎಸ್.ಎಂ.ಟಿ.ಪಿ. ಎಂದು ಹೆಸರು. ಜೋನಾಥನ್ ಪೋಸ್ಟೆಲ್ ಎಂಬವರು 1982ರ ಆಗಸ್ಟಿನಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅನಂತರ ತಿದ್ದುಪಡಿಗಳಾಗಿದ್ದರೂ ಅದರ ಮೂಲರೂಪವು ಇಂದಿಗೂ ಬಳಕೆಯಲ್ಲಿದೆ. ಅದು ಎರಡು ಯಂತ್ರಗಳ ನಡುವಿನ ಸಂಭಾಷಣೆಯೇ ಆಗಿದೆ. ಒಂದು ಯಂತ್ರವು ಬಾಗಿಲು ತಟ್ಟುತ್ತದೆ. ಎದುರಿನದು 220 ಎನ್ನುತ್ತದೆ, ಎಂದರೆ "ಸಿದ್ಧನಿದ್ದೇನೆ". "ಇಂಥವರಿಂದ ಓಲೆ ತಂದಿದ್ದೇನೆ" ಎಂದರೆ 250, ಎಂದರೆ "ಆಗಬಹುದು". "ಇಂಥವರಿಗೆ" ಎಂದರೆ ಮತ್ತೆ 250. "ಓಲೆಯ ಮೈಯನ್ನು ಓದಲೇ?" ಎಂದರೆ 354, ಎಂದರೆ "ಓದು, ಮುಗಿದಾಗ ಒಂದು ಚುಕ್ಕಿ ಇಡು". ಚುಕ್ಕಿ ಬಿದ್ದ ಮೇಲೆ ಬರುವ ಕೊನೆಯ 250 ಬಹಳ ಮುಖ್ಯವಾದದ್ದು. ಆ ಕ್ಷಣಕ್ಕೆ ಓಲೆಯ ಹೊಣೆಯು ಮೊದಲ ಯಂತ್ರದಿಂದ ಎರಡನೆಯದಕ್ಕೆ ವರ್ಗವಾಗುತ್ತದೆ. ಇನ್ನು ಮುಂದೆ ಅದನ್ನು ತಲಪಿಸುವುದು, ಇಲ್ಲವೆ ತಲಪಿಸಲಾಗಲಿಲ್ಲವೆಂದು ವರದಿ ಮಾಡುವುದು ಎರಡನೆಯ ಯಂತ್ರದ ಕರ್ತವ್ಯ. ಆ 250 ದಾರಿಯಲ್ಲಿ ಕಳೆದುಹೋದರೆ ಏನಾದೀತೆಂದು ಚುರುಕಾದ ವಿದ್ಯಾರ್ಥಿಯು ಕೇಳಬಹುದು. ಮೊದಲ ಯಂತ್ರವು ಹೊಣೆ ಇನ್ನೂ ತನ್ನದೆಂದೇ ತಿಳಿದು ಓಲೆಯನ್ನು ಮತ್ತೊಮ್ಮೆ ಕಳುಹಿಸುತ್ತದೆ. ಗೆಳೆಯನಿಗೆ ಒಂದೇ ಓಲೆ ಎರಡು ಬಾರಿ ಬರುತ್ತದೆ. ಕಳೆದುಹೋಗುವುದಕ್ಕಿಂತ ಎರಡಾಗುವುದು ಲೇಸೆಂದು ಈ ವಿಧಿಯ ಕರ್ತರು ಬಗೆದರು. ಅದು ವಿವೇಕದ ಆಯ್ಕೆಯೆಂದು ನಾವು ಭಾವಿಸುತ್ತೇವೆ.

ಕೆಲಸ ಕೆಟ್ಟಾಗ ಬರುವ ಅಂಕಿಗಳೂ ಹೀಗೆಯೇ ಅರ್ಥವುಳ್ಳವು. ಮೊದಲ ಅಂಕಿ 4 ಆದರೆ ತೊಂದರೆ ತಾತ್ಕಾಲಿಕ: "ಈಗ ಆಗದು, ಆಮೇಲೆ ಬಾ". ಕಳುಹಿಸುವ ಯಂತ್ರವು ಓಲೆಯನ್ನು ಸರದಿಯಲ್ಲಿಟ್ಟು, ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ವಿಧಿಯಿದೆ. ಮೊದಲ ಅಂಕಿ 5 ಆದರೆ ತಿರಸ್ಕಾರ ಖಚಿತ. ಮತ್ತೆ ಕಳುಹಿಸಿದರೂ ಅದೇ ಉತ್ತರ. 550 ಎಂಬುದರ ಜೊತೆಗೆ 5.1.1 ಎಂದಿದ್ದರೆ ಆ ಹೆಸರಿನ ಪೆಟ್ಟಿಗೆ ಅಲ್ಲಿಲ್ಲ, ಬಹುಶಃ ವಿಳಾಸದಲ್ಲಿ ಅಕ್ಷರ ತಪ್ಪಿದೆ. 5.2.2 ಎಂದಿದ್ದರೆ ಪೆಟ್ಟಿಗೆ ತುಂಬಿದೆ. 5.7 ರಿಂದ ಆರಂಭವಾಗಿದ್ದರೆ ಅನುಮತಿಯ ಅಥವಾ ನಂಬಿಕೆಯ ಪ್ರಶ್ನೆ. ಮರಳಿ ಬಂದ ಓಲೆಯಲ್ಲಿ ಈ ಅಂಕಿಗಳು ಸ್ಪಷ್ಟವಾಗಿ ಅಚ್ಚಾಗಿರುತ್ತವೆ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಓದದೆಯೇ ಅಳಿಸಿಹಾಕಿ, ಬಳಿಕ ನೆರವು ಕೇಳಲು ಬರುತ್ತಾರೆ! ರೋಗಿಯು ರಕ್ತಪರೀಕ್ಷೆಯ ಚೀಟಿಯನ್ನು ಹರಿದುಹಾಕಿ ವೈದ್ಯರ ಬಳಿಗೆ ಹೋದಂತೆ ಇದು.

ವಿಳಾಸದ ತಪ್ಪುಗಳಲ್ಲಿಯೂ ಭೇದವುಂಟು. ಸಂಸ್ಥೆಯ ಹೆಸರು ತಪ್ಪಿದರೆ ನಮ್ಮ ಸರ್ವರೇ ಕೂಡಲೆ ದೂರುತ್ತದೆ. ವ್ಯಕ್ತಿಯ ಹೆಸರು ತಪ್ಪಿದರೆ ಎದುರಿನ ಸರ್ವರ್ ದೂರುತ್ತದೆ. ತಪ್ಪಿದ ಹೆಸರಿನಲ್ಲಿ ನಿಜವಾಗಿಯೂ ಬೇರೊಬ್ಬನಿದ್ದರೆ ಯಾರೂ ದೂರುವುದಿಲ್ಲ. ಓಲೆಯು ಅಪರಿಚಿತನ ಪೆಟ್ಟಿಗೆಯಲ್ಲಿ ಸುಖವಾಗಿ ಮಲಗಿರುತ್ತದೆ. ಮೌನವು ಯಶಸ್ಸಿನ ಸಾಕ್ಷಿಯಲ್ಲ.

ಇಂಥ ದೋಷಶೋಧನೆಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸತಕ್ಕ ಒಂದು ಪ್ರಸಂಗವುಂಟು. ಅಮೆರಿಕೆಯ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದ ನಡುಭಾಗದಲ್ಲಿ ಟ್ರೇ ಹ್ಯಾರಿಸ್ ಎಂಬವರು ಇ-ಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಒಂದು ದಿನ ಅವರಿಗೆ ಫೋನು ಮಾಡಿ, "ನಮ್ಮ ವಿಭಾಗದಿಂದ 500 ಮೈಲಿಗಿಂತ ದೂರಕ್ಕೆ ಇ-ಮೇಲ್ ಹೋಗುತ್ತಿಲ್ಲ" ಎಂದು ತಿಳಿಸಿದರು. 500 ಮೈಲಿಯೆಂದರೆ ಸುಮಾರು 800 ಕಿಲೋಮೀಟರು. ಬೆಂಗಳೂರಿನಿಂದ ಮುಂಬಯಿಗೆ ನೇರವಾಗಿ ಅಳೆದರೆ ಇರುವ ದೂರಕ್ಕಿಂತ ತುಸು ಕಡಿಮೆ. ಇ-ಮೇಲಿಗೆ ದೂರದ ಪರಿವೆಯೇ ಇಲ್ಲವೆಂದು ನಂಬಿದ್ದ ಹ್ಯಾರಿಸರಿಗೆ ಇದು ಹಾಸ್ಯದಂತೆ ತೋರಿತು. ಆದರೂ ಪರೀಕ್ಷಿಸಿದರು. ನ್ಯೂಯಾರ್ಕಿಗೆ, 420 ಮೈಲಿ, ಓಲೆ ಹೋಯಿತು. ಪ್ರಾವಿಡೆನ್ಸಿಗೆ, 580 ಮೈಲಿ, ಹೋಗಲಿಲ್ಲ. ಮುಂದೆ ಅವರು ಮಾಡಿದ ಪರೀಕ್ಷೆಯನ್ನು ನಾವು ಎಲ್ಲಕ್ಕಿಂತ ಮೆಚ್ಚುತ್ತೇವೆ. ಉತ್ತರ ಕೆರೊಲಿನಾದಲ್ಲಿಯೇ ವಾಸವಾಗಿದ್ದು, ಇ-ಮೇಲ್ ಖಾತೆಯನ್ನು ಮಾತ್ರ ದೂರದ ಸಿಯಾಟಲಿನಲ್ಲಿ ಇಟ್ಟಿದ್ದ ಸ್ನೇಹಿತನೊಬ್ಬನಿಗೆ ಅವರು ಓಲೆ ಕಳುಹಿಸಿದರು. ಹೋಗಲಿಲ್ಲ. ಆದಕಾರಣ ಲೆಕ್ಕಕ್ಕೆ ಬರುವುದು ಮನುಷ್ಯನ ದೂರವಲ್ಲ, ಯಂತ್ರದ ದೂರವೆಂದು ಸ್ಥಿರಪಟ್ಟಿತು.

ಕಾರಣವು ಹೀಗಿತ್ತು. ಹೊರಗಿನ ತಜ್ಞನೊಬ್ಬನು ಸರ್ವರಿನ ಮೂಲವ್ಯವಸ್ಥೆಯನ್ನು ನವೀಕರಿಸುವಾಗ, ಓಲೆ ಸಾಗಿಸುವ ಸೆಂಡ್‌ಮೇಲ್ ತಂತ್ರಾಂಶದ ಎಂಟನೆಯ ಆವೃತ್ತಿಯ ಸ್ಥಾನದಲ್ಲಿ ಹಳೆಯ ಐದನೆಯ ಆವೃತ್ತಿಯು ಬಂದು ಕುಳಿತಿತ್ತು. ಎಂಟನೆಯದಕ್ಕೆಂದು ಬರೆದ ಆದೇಶಗಳು ಐದನೆಯದಕ್ಕೆ ಅರ್ಥವಾಗದೆ, ಎದುರಿನ ಯಂತ್ರದ ಉತ್ತರಕ್ಕಾಗಿ ಕಾಯತಕ್ಕ ಕಾಲವು ಸೊನ್ನೆಯಾಗಿಬಿಟ್ಟಿತು. ವ್ಯವಹಾರದಲ್ಲಿ ಆ ಸೊನ್ನೆಯು ಸುಮಾರು 3 ಮಿಲಿಸೆಕೆಂಡಿನಷ್ಟಿತ್ತು. ಬೆಳಕು ಸೆಕೆಂಡಿಗೆ 3,00,000 ಕಿಲೋಮೀಟರು ಓಡುವುದರಿಂದ 3 ಮಿಲಿಸೆಕೆಂಡಿನಲ್ಲಿ 900 ಕಿಲೋಮೀಟರು, ಎಂದರೆ ಸುಮಾರು 559 ಮೈಲಿ, ಓಡೀತು. ಅಷ್ಟರೊಳಗೆ ಉತ್ತರ ಕೊಡಲಾರದ ಯಂತ್ರಗಳೆಲ್ಲ ಇಲ್ಲವೆಂದೇ ಎಣಿಕೆಯಾದವು.

ಸಂದೇಹಶೀಲನಾದ ವಿದ್ಯಾರ್ಥಿಯು ಇಲ್ಲಿ ತಡೆದು ಕೇಳಬೇಕು: ಸಂಕೇತವು ಹೋಗಿ ಉತ್ತರವೂ ಬರಬೇಕಾದ್ದರಿಂದ ದೂರ ಅರ್ಧವಾಗಬೇಡವೆ? ಗಾಜಿನ ತಂತುವಿನಲ್ಲಿ ಬೆಳಕಿನ ವೇಗವು ನಿರ್ವಾತದ ವೇಗದ ಮೂರರಲ್ಲಿ ಎರಡು ಪಾಲಷ್ಟೇ ಅಲ್ಲವೆ? ಪ್ರಶ್ನೆ ಸರಿಯಾದದ್ದು. ಹ್ಯಾರಿಸ್ 2002ರಲ್ಲಿ ಈ ಪ್ರಸಂಗವನ್ನು ಬರೆದಾಗ, ಬೇಸರದ ವಿವರಗಳನ್ನು ಬಿಟ್ಟು ರಂಜನೆಗಾಗಿ ಸ್ವಲ್ಪ ಮಾರ್ಪಡಿಸಿರುವುದಾಗಿ ಮೊದಲಿಗೇ ಸೂಚಿಸಿದ್ದರು. ಆದಕಾರಣ ಸಂಖ್ಯೆಯನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಮುಖ್ಯಸ್ಥರು "ಕೆಲವು ಹೋಗುತ್ತವೆ, ಕೆಲವು ಹೋಗುವುದಿಲ್ಲ" ಎಂದಿಷ್ಟೇ ದೂರಿದ್ದರೆ ಈ ದೋಷವು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅವರು ಕೆಲವು ದಿನ ದತ್ತಾಂಶವನ್ನು ಕೂಡಿಹಾಕಿ ಆಮೇಲೆ ದೂರಿತ್ತರು.

ಈಗ ಚರ್ಚಾಬಳಗಕ್ಕೆ ಬರೋಣ. ಇಲ್ಲಿ ಓಲೆಯ ಪ್ರಯಾಣವು ಎರಡು ಭಾಗವಾಗುತ್ತದೆ: ಬರೆದವನಿಂದ ಬಳಗದ ಯಂತ್ರದವರೆಗೆ ಒಂದು, ಅಲ್ಲಿಂದ ಸದಸ್ಯರವರೆಗೆ ಇನ್ನೊಂದು. ನಡುವೆ ಬಳಗದ ಯಂತ್ರವು ಕಾವಲುಗಾರನಂತೆ ನಿಂತಿರುತ್ತದೆ. ಬರೆದವನು ಸದಸ್ಯನೆ ಎಂದು ಅದು ವಿಳಾಸವನ್ನು ಪಟ್ಟಿಯೊಡನೆ ಹೋಲಿಸಿ ನೋಡುತ್ತದೆ. ಹೋಲಿಕೆ ಅಕ್ಷರಕ್ಕೆ ಅಕ್ಷರ. ಮನುಷ್ಯನ ಮುಖ ಅದಕ್ಕೆ ತಿಳಿಯದು. ಕಾಲೇಜಿನ ವಿಳಾಸದಿಂದ ಸದಸ್ಯನಾದವನು ಫೋನಿನಲ್ಲಿರುವ ತನ್ನ ಸ್ವಂತ ವಿಳಾಸದಿಂದ ಬರೆದರೆ ಅವನು ಪರಕೀಯನೇ. ಓಲೆಯು ನಿರ್ವಾಹಕರ ಒಪ್ಪಿಗೆಗಾಗಿ ಕಾದು ಕುಳಿತಿರುತ್ತದೆ, ಅಥವಾ ಸದ್ದಿಲ್ಲದೆ ಕಸದ ಬುಟ್ಟಿಗೆ ಹೋಗುತ್ತದೆ. ಬಳಗದ ಓಲೆಗಳೆಲ್ಲ ತನಗೆ ಸರಿಯಾಗಿ ಬರುತ್ತಿದ್ದು, ತನ್ನದು ಮಾತ್ರ ಹೋಗದಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಇದಕ್ಕೆ ವಿರುದ್ಧವಾದ ಭ್ರಾಂತಿಯೂ ಒಂದಿದೆ. ಓಲೆ ಎಲ್ಲರಿಗೂ ತಲಪಿದೆ, ಬರೆದವನಿಗೆ ಮಾತ್ರ ಅದರ ಪ್ರತಿ ಕಾಣದು. ಪ್ರತಿಯೊಂದು ಓಲೆಗೂ ಹುಟ್ಟುವಾಗಲೇ ಒಂದು ವಿಶಿಷ್ಟ ಗುರುತುಸಂಖ್ಯೆ ಅಂಟಿಕೊಂಡಿರುತ್ತದೆ. ಬಳಗದಿಂದ ತಿರುಗಿ ಬಂದ ಪ್ರತಿಯಲ್ಲಿಯೂ ಅದೇ ಸಂಖ್ಯೆಯಿರುವುದರಿಂದ, ಜಿಮೇಲ್ ಅದನ್ನು "ಕಳುಹಿಸಿದವು" ಎಂಬಲ್ಲಿ ಈಗಾಗಲೇ ಇರುವ ಓಲೆಯ ನಕಲೆಂದು ಬಗೆದು ಬೇರೆಯಾಗಿ ತೋರಿಸುವುದಿಲ್ಲ. ಬರೆದವನು ಓಲೆ ಹೋಗಲಿಲ್ಲವೆಂದು ಮತ್ತೆ ಮೂರು ಬಾರಿ ಕಳುಹಿಸಿ ಎಲ್ಲರ ತಾಳ್ಮೆಯನ್ನೂ ಪರೀಕ್ಷಿಸುತ್ತಾನೆ. ಇನ್ನೊಬ್ಬ ಸದಸ್ಯನನ್ನು ಒಂದು ಮಾತು ಕೇಳಿದ್ದರೆ ಸಾಕಾಗುತ್ತಿತ್ತು.

ಗಾತ್ರದ ಮಾತಿಗೆ ಸ್ವಲ್ಪ ಗಣಿತ ಬೇಕು. ಇ-ಮೇಲ್ ಹುಟ್ಟಿದ್ದು ಇಂಗ್ಲಿಷಿನ ಅಕ್ಷರಗಳಿಗಾಗಿ. ಅವಕ್ಕೆ 7 ಬಿಟ್ ಸಾಕು. ಚಿತ್ರ, ಧ್ವನಿ, ಕನ್ನಡದಂಥ ಲಿಪಿ ಇವುಗಳನ್ನು ಅದೇ ಕೊಳವೆಯಲ್ಲಿ ಸಾಗಿಸುವ ಉಪಾಯವನ್ನು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು 1992ರಲ್ಲಿ ಮಂಡಿಸಿದರು. ಅದರ ಒಂದು ರೀತಿಯಲ್ಲಿ 3 ಬೈಟುಗಳನ್ನು, ಎಂದರೆ 24 ಬಿಟ್ಟುಗಳನ್ನು, ಆರಾರರಂತೆ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ 64 ಗುರುತುಗಳಲ್ಲಿ ಒಂದನ್ನು ಬರೆಯುತ್ತಾರೆ. ನಮ್ಮ 'ಕ' ಅಕ್ಷರವನ್ನು ತೆಗೆದುಕೊಳ್ಳಿ. ಯೂನಿಕೋಡಿನ ಬಳಕೆಯ ರೂಪದಲ್ಲಿ ಅದು 224, 178, 149 ಎಂಬ ಮೂರು ಬೈಟು. ಆರಾರು ಬಿಟ್ಟಿನ ಪಾಲು ಮಾಡಿದರೆ 56, 11, 10, 21 ಬರುತ್ತವೆ. ಅವುಗಳ ಗುರುತುಗಳು ಕ್ರಮವಾಗಿ 4 ಎಂಬ ಅಂಕಿ ಮತ್ತು ಇಂಗ್ಲಿಷಿನ ಎಲ್, ಕೆ, ವಿ ಎಂಬ ಅಕ್ಷರಗಳು. ಕನ್ನಡದ ಓಲೆಯೊಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ, ಅದು ನಾಶವಾಗಿಲ್ಲ, ಬಿಚ್ಚುವ ಕೆಲಸ ಮಾತ್ರ ಆಗಿಲ್ಲ ಎಂದು ತಿಳಿಯಬೇಕು. 3 ಬೈಟು 4 ಆಗುವುದರಿಂದ ಯಾವ ಲಗತ್ತಾದರೂ ದಾರಿಯಲ್ಲಿ ಮೂರನೆಯ ಒಂದು ಪಾಲಿನಷ್ಟು ಊದಿಕೊಳ್ಳುತ್ತದೆ. ಮಿತಿ 25 ಮೆಗಾಬೈಟ್ ಇರುವಲ್ಲಿ 20 ಮೆಗಾಬೈಟಿನ ಕಡತವು 26.7 ಆಗಿ ತಿರಸ್ಕೃತವಾಗುವುದರ ಗುಟ್ಟು ಇದೇ. ಚರ್ಚಾಬಳಗಗಳ ಮಿತಿ ಇನ್ನೂ ಚಿಕ್ಕದು. ಮೇಲ್‌ಮ್ಯಾನ್ ತಂತ್ರಾಂಶದ ಎರಡನೆಯ ಆವೃತ್ತಿಯಲ್ಲಿ, ನಿರ್ವಾಹಕರು ಬದಲಿಸದಿದ್ದರೆ, ಅದು ಕೇವಲ 40 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದೇ ಛಾಯಾಚಿತ್ರವು ಅದರ ಹತ್ತಾರು ಪಟ್ಟು ಇರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಓಲೆ ನಿಲ್ಲುವ ಒಂದು ಸಂದರ್ಭವಿದೆ. 2014ರಲ್ಲಿ ಅದು ಪ್ರಪಂಚದ ಬಳಗಗಳನ್ನೆಲ್ಲ ಕಂಗೆಡಿಸಿತು. ಅಂಚೆಯ ಕಾಗದದಂತೆ ಇ-ಮೇಲಿಗೂ ಒಂದು ಲಕೋಟೆಯಿದೆ, ಒಳಗೆ ಒಂದು ಪತ್ರವಿದೆ. ಯಂತ್ರಗಳು ತಮ್ಮೊಳಗೆ ಹೇಳಿಕೊಳ್ಳುವ "ಇಂಥವರಿಂದ" ಎಂಬುದು ಲಕೋಟೆಯ ಮೇಲಿನದು. ನಾವು ಪರದೆಯ ಮೇಲೆ ಕಾಣುವ ಹೆಸರು ಒಳಗಿನ ಪತ್ರದ್ದು. ಎರಡೂ ಒಂದೇ ಆಗಿರಬೇಕೆಂಬ ನಿರ್ಬಂಧವು ಮೂಲವಿಧಿಯಲ್ಲಿಲ್ಲ. ಮೋಸಗಾರರಿಗೆ ಇದು ವರವಾಯಿತು. ಇದನ್ನು ತಡೆಯಲು ಮೂರು ಕಟ್ಟಳೆಗಳು ಹುಟ್ಟಿದವು. ಎಸ್.ಪಿ.ಎಫ್. ಎಂಬುದರಿಂದ ಪ್ರತಿ ಸಂಸ್ಥೆಯು ತನ್ನ ಪರವಾಗಿ ಓಲೆ ಕಳುಹಿಸಬಹುದಾದ ಯಂತ್ರಗಳಾವುವೆಂದು ಹೆಸರಿನ ಕೋಶದಲ್ಲಿ ಸಾರುತ್ತದೆ. ಡಿಕಿಮ್ ಎಂಬುದು ಅರಗಿನ ಮುದ್ರೆಯಂತೆ: ಓಲೆಯ ಮೈ ಮತ್ತು ವಿಷಯಸಾಲುಗಳಿಂದ ಗಣಿತದ ಮೂಲಕ ಪಡೆದ ಒಂದು ಗುರುತಿಗೆ ಸಂಸ್ಥೆಯು ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ, ಮಾತಿನಲ್ಲಿ ಒಂದಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಮೂರನೆಯದಾದ ಡಿಮಾರ್ಕ್ ಎಂಬುದು ಆದೇಶಪತ್ರ: ಪರದೆಯ ಮೇಲೆ ಕಾಣುವ ಹೆಸರಿನೊಡನೆ ಮೊದಲಿನ ಎರಡರಲ್ಲಿ ಒಂದಾದರೂ ಹೊಂದದಿದ್ದರೆ ಆ ಓಲೆಯನ್ನು ಏನು ಮಾಡಬೇಕೆಂದು ಅದು ತಿಳಿಸುತ್ತದೆ.

ಚರ್ಚಾಬಳಗವು ಈ ಪರೀಕ್ಷೆಯಲ್ಲಿ ಹೇಗೆ ಸೋಲುತ್ತದೆಂಬುದನ್ನು ವಾಚಕರು ತಾವೇ ಊಹಿಸಬಲ್ಲರು. ಓಲೆಯನ್ನು ಹಂಚುವುದು ಬಳಗದ ಯಂತ್ರ, ಬರೆದವನ ಸಂಸ್ಥೆಯ ಯಂತ್ರವಲ್ಲ, ಮೊದಲನೆಯದು ಹೊಂದಲಿಲ್ಲ. ಬಳಗವು ವಿಷಯಸಾಲಿನ ಮುಂದೆ ತನ್ನ ಹೆಸರನ್ನೂ ಓಲೆಯ ಅಡಿಯಲ್ಲಿ ಒಂದು ಟಿಪ್ಪಣಿಯನ್ನೂ ಸೇರಿಸುತ್ತದೆ, ಮುದ್ರೆ ಒಡೆಯಿತು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು ತನ್ನ ಹೆಸರಿನ ಅಂಥ ಓಲೆಗಳನ್ನು ತಿರಸ್ಕರಿಸಬೇಕೆಂದು ಸಾರಿತು. ಅದೇ ತಿಂಗಳು ಎ.ಓ.ಎಲ್. ಕೂಡ ಹಾಗೆಯೇ ಮಾಡಿತು. ಅವುಗಳ ಹೆಸರಿನಲ್ಲಿ ಕಳ್ಳ ಓಲೆಗಳು ಹೊಳೆಯಾಗಿ ಹರಿಯುತ್ತಿದ್ದುದು ಇದಕ್ಕೆ ಕಾರಣ. ಪರಿಣಾಮವೇನಾಯಿತು? ಯಾಹೂ ಖಾತೆಯ ಸದಸ್ಯನೊಬ್ಬನು ಬಳಗಕ್ಕೆ ಬರೆದಾಗ ಜಿಮೇಲ್ ಮೊದಲಾದ ಕಡೆ ಖಾತೆಯಿರುವವರಿಗೆ ಅದು ತಲಪದೆ 5ರ ಅಂಕಿಯೊಡನೆ ಬಳಗಕ್ಕೆ ಹಿಂದಿರುಗಿತು. ಬಳಗದ ತಂತ್ರಾಂಶವು ಹಿಂದಿರುಗಿದ ಓಲೆಗಳನ್ನು ಲೆಕ್ಕವಿಟ್ಟು, ಒಂದು ಮಿತಿ ದಾಟಿದೊಡನೆ ಆ ವಿಳಾಸವು ಸತ್ತಿದೆಯೆಂದು ಭಾವಿಸಿ ಅಂಚೆಯನ್ನು ನಿಲ್ಲಿಸುತ್ತದೆ. ಹೀಗೆ ಬರೆದವನ ಬದಲು, ಏನೂ ಮಾಡದೆ ಓದುತ್ತ ಕುಳಿತಿದ್ದವರು ಬಳಗದಿಂದ ಹೊರಬಿದ್ದರು. ವರ್ಷಗಟ್ಟಲೆ ಸದಸ್ಯರಾಗಿದ್ದವರಿಗೆ ತಮ್ಮನ್ನು ಯಾರೋ ಬೇಕೆಂದೇ ತೆಗೆದುಹಾಕಿದರೆಂದು ತೋರಿದರೆ ಆಶ್ಚರ್ಯವೇನು? ಮುದ್ರೆಯನ್ನು ಹಾಕಿದವರ ಉದ್ದೇಶ ಒಳ್ಳೆಯದು. ಆದರೂ ಆ ಕಟ್ಟಳೆಯನ್ನು ಅಷ್ಟು ದಿಢೀರನೆ ಜಾರಿಗೆ ತಂದುದು ನಮಗೆ ಉಚಿತವೆನಿಸುವುದಿಲ್ಲ.

ಅಂದಿನಿಂದ ಬಳಗಗಳು ಒಂದು ಉಪಾಯವನ್ನು ಕಂಡುಕೊಂಡಿವೆ. ಕಾಣುವ ವಿಳಾಸವನ್ನು ಬಳಗದ್ದಾಗಿ ಬದಲಿಸಿ, ಬರೆದವನ ಹೆಸರನ್ನು ಮಾತ್ರ ಪಕ್ಕದಲ್ಲಿ ಉಳಿಸುತ್ತವೆ. ಇದರಿಂದ ಓಲೆ ತಲಪುತ್ತದೆ; ಆದರೆ ಬರೆದವನೊಬ್ಬನಿಗೇ ಎಂದು ಉತ್ತರಿಸಿದ ಮಾತು ಬಳಗಕ್ಕೆಲ್ಲ ಹೋಗುವ ಅಪಾಯವುಂಟು. ಉತ್ತರಿಸುವ ಮುನ್ನ ವಿಳಾಸವನ್ನೊಮ್ಮೆ ನೋಡಿಕೊಳ್ಳುವುದು ಕ್ಷೇಮ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಓಲೆ ಕಳುಹಿಸುವವರೆಲ್ಲರೂ ಈ ಮೂರು ಕಟ್ಟಳೆಗಳನ್ನು ಪಾಲಿಸಬೇಕೆಂದು ವಿಧಿಸಿವೆ.

ಇನ್ನು ಪ್ರಯೋಗ. ತಡವಾಗಿ ಬಂದ ಒಂದು ಓಲೆಯನ್ನು ಆರಿಸಿಕೊಂಡು, ಅದರ ಮೂಲರೂಪವನ್ನು ತೋರಿಸುವಂತೆ ಕಂಪ್ಯೂಟರಿನಲ್ಲಿ ಕೇಳಿರಿ. ಜಿಮೇಲಿನಲ್ಲಿ ಓಲೆಯ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದರೆ ಈ ಸೌಲಭ್ಯ ಸಿಗುತ್ತದೆ. ಮೇಲುಭಾಗದಲ್ಲಿ "ರಿಸೀವ್ಡ್" ಎಂದು ಆರಂಭವಾಗುವ ಹಲವು ಸಾಲುಗಳಿರುತ್ತವೆ. ಓಲೆಯನ್ನು ಪಡೆದ ಪ್ರತಿಯೊಂದು ಯಂತ್ರವೂ ತನ್ನ ಹೆಸರನ್ನೂ ವೇಳೆಯನ್ನೂ ಎಲ್ಲಕ್ಕಿಂತ ಮೇಲೆ ಬರೆಯುವುದರಿಂದ, ಭೂಸ್ತರಗಳಂತೆ ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ 10:15:02 +0530 ಎಂದಿದೆಯೆನ್ನಿ. ಇದು ಭಾರತದ ವೇಳೆ, ಗ್ರೀನಿಚ್ ಲೆಕ್ಕದಲ್ಲಿ 4:45:02. ಅದರ ಮೇಲೆ 04:45:04 +0000. ಎರಡು ಸೆಕೆಂಡು ಹಿಡಿಯಿತು. ಅದರ ಮೇಲೆ 21:45:03 -0700, ಎಂದರೆ ಗ್ರೀನಿಚ್ಚಿನಲ್ಲಿ 4:45:03; ಓಲೆಯು ಹೊರಡುವ ಒಂದು ಸೆಕೆಂಡು ಮೊದಲೇ ತಲಪಿದಂತಾಯಿತು! ಇಲ್ಲಿ ಸಾಪೇಕ್ಷತಾವಾದವನ್ನು ಕರೆಯಬೇಕಾಗಿಲ್ಲ. ಎರಡು ಯಂತ್ರಗಳ ಗಡಿಯಾರಗಳು ಹೊಂದಿಲ್ಲ, ಅಷ್ಟೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ 21:59:40 -0700 ಎಂದಿದ್ದರೆ ಹದಿನಾಲ್ಕೂವರೆ ನಿಮಿಷದ ತಡವು ಕೊನೆಯ ಹಸ್ತಾಂತರದಲ್ಲಿ ಆಗಿದೆ. ಗುರುತಿಲ್ಲದ ಯಂತ್ರವು ಮೊದಲ ಬಾರಿ ಬಂದಾಗ 4ರ ಅಂಕಿ ಕೊಟ್ಟು ಹಿಂದಕ್ಕೆ ಕಳುಹಿಸಿ, ಎರಡನೆಯ ಬಾರಿ ಬಂದಾಗ ಒಳಕ್ಕೆ ಬಿಡುವ ಪದ್ಧತಿಯನ್ನು 2003ರಿಂದ ಕೆಲವು ಸರ್ವರುಗಳು ಅನುಸರಿಸುತ್ತವೆ. ಕಳ್ಳ ಓಲೆಗಳ ಯಂತ್ರಗಳು ಸಾಮಾನ್ಯವಾಗಿ ಎರಡನೆಯ ಬಾರಿ ಬರುವ ಗೋಜಿಗೆ ಹೋಗುವುದಿಲ್ಲ. ತಡಕ್ಕೆ ಕಾರಣ ಇದೇ ಆಗಿದ್ದರೆ, ಅದೇ ವಿಳಾಸದಿಂದ ಸ್ವಲ್ಪ ಹೊತ್ತಿನ ಬಳಿಕ ಕಳುಹಿಸಿದ ಇನ್ನೊಂದು ಓಲೆಯು ಕೆಲವೇ ಸೆಕೆಂಡುಗಳಲ್ಲಿ ತಲಪಬೇಕು.